ಗುಂಡಿ ಮುಚ್ಚುವ ಕಾಮಗಾರಿ

ಒತ್ತುವ ಗುಂಡಿ ಇದ್ದರೆ ಹಳೇ ಮಾಲು, ಇಲ್ಲದಿದ್ದರೆ ಹೊಸ ಮಾಲು. ನಾವು ಡಿಸೈನರ್‌ಗಳು ಹೀಗೊಂದು ತೀರ್ಮಾನಕ್ಕೆ ಬಂದು ವರ್ಷಗಳೇ ಆದವು. ನಿಮ್ಮನ್ನು ಕೇಳಲಿಲ್ಲ, ನಿಜ. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ. ಅಡುಗೆಮನೆಯ ಒಲೆಯಿಂದ ಕಾರಿನ ಎಸಿವರೆಗೆ, ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಬಡ್‌ನಿಂದ ಕೋಣೆಯ ದೀಪದವರೆಗೆ, ಒತ್ತುವಂಥದ್ದು, ತಿರುಗಿಸುವಂಥದ್ದು, ಟಕ್ ಅನ್ನುವಂಥದ್ದು ಒಂದೊಂದಾಗಿ ಮಾಯವಾಗುತ್ತಿದೆ. ಅವು ಇದ್ದ ಜಾಗವನ್ನೆಲ್ಲ ನುಣ್ಣಗೆ ಮುಚ್ಚಿ ಮೇಲೆ ಕಪ್ಪು ಗಾಜು ಹಾಸಿದ್ದೇವೆ. ಗಾಜು ನೋಡಲು ಬಹಳ ಚಂದ. ಯಾರೂ ಮುಟ್ಟದಿದ್ದರೆ.

ಹೊಸ ಸಾಮಾನು ಕೈಗೆ ಬಂದರೆ ಹಿಂದೆ ಮುಂದೆ ತಿರುಗಿಸಿ ನೋಡುವುದು ನನ್ನ ಕಸುಬಿನ ಚಟ. ಪೆಟ್ಟಿಗೆಯಿಂದಲೇ ಶುರು. ಈಗಿನ ಪೆಟ್ಟಿಗೆಗಳ ಮುಚ್ಚಳ ಎತ್ತಿದರೆ ತಳದ ಭಾಗ ಮೆಲ್ಲಗೆ, ಉಸ್ಸೆಂದು ಜಾರಿ ಇಳಿಯುತ್ತದೆ. ಆ ಉಸ್ಸಿಗಾಗಿ ಯಾರೋ ತಲೆ ಕೆಡಿಸಿಕೊಂಡಿರುತ್ತಾರೆ. ಮುಚ್ಚಳ ಎಷ್ಟು ಬಿಗಿ ಇರಬೇಕು, ಗಾಳಿ ಎಷ್ಟು ಹೊತ್ತಿನಲ್ಲಿ ಹೊರಗೆ ಹೋಗಬೇಕು, ಎಲ್ಲಕ್ಕೂ ಲೆಕ್ಕ ಇರುತ್ತದೆ. ಸಾಮಾನು ಹೊರಗೆ ಬರುತ್ತದೆ. ಸರಿ, ಇದನ್ನು ಆನ್ ಮಾಡುವುದು ಎಲ್ಲಿ? ಅದೊಂದಕ್ಕೆ ಮಾತ್ರ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ.

ಕೈಪಿಡಿ ಇಲ್ಲ. ಅದರ ಬದಲು ಒಂದು ಚೀಟಿ, ಚೀಟಿಯಲ್ಲಿ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಆಪ್. ಆಪ್ ತೆರೆದರೆ ಅಕೌಂಟ್ ಮಾಡು ಅನ್ನುತ್ತದೆ. ಅಕೌಂಟ್‌ಗೆ ಒಟಿಪಿ, ಜೊತೆಗೆ ಒಂದು ಅಂಕಿ, ಒಂದು ವಿಚಿತ್ರ ಚಿಹ್ನೆ ಇರುವ ಪಾಸ್‌ವರ್ಡ್. ಆಮೇಲೆ ನಾನಿರುವ ಜಾಗ. ಆಮೇಲೆ ನಾನು ಹುಟ್ಟಿದ ದಿನ. ನಾನು ತಂದದ್ದು ಟೇಬಲ್ ಲ್ಯಾಂಪ್. ಅದಕ್ಕೆ ನನ್ನ ಜಾತಕ ಯಾಕೆ ಬೇಕೋ! ಎಲ್ಲ ಕೊಟ್ಟು ಕತ್ತಲಲ್ಲಿ ಕಾಯುತ್ತಾ ಕೂತರೆ, ಲ್ಯಾಂಪ್ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳಲು ಶುರು ಮಾಡಿತು. 'ದಯವಿಟ್ಟು ಪ್ಲಗ್ ಕೀಳಬೇಡಿ' ಅಂತ ಎಚ್ಚರಿಕೆ ಬೇರೆ. ನಾನ್ಯಾಕೆ ಕೀಳಲಿ? ಇಡೀ ಲ್ಯಾಂಪ್‌ನಲ್ಲಿ ನನಗೆ ಅರ್ಥವಾಗಿದ್ದೇ ಆ ಪ್ಲಗ್.

ನನ್ನದೇನೂ ಕಷ್ಟವಲ್ಲ. 2016ರಲ್ಲಿ ಇಂಗ್ಲೆಂಡಿನ ಡೇಟಾ ತಜ್ಞರೊಬ್ಬರು ವೈಫೈ ಕೆಟಲ್‌ನಲ್ಲಿ ನೀರು ಕಾಯಿಸಲು ಹೊರಟು 11 ಗಂಟೆ ಒದ್ದಾಡಿದರು. ನಡುನಡುವೆ ಟ್ವಿಟರ್‌ನಲ್ಲಿ ವರದಿಯನ್ನೂ ಕೊಡುತ್ತಾ ಹೋದರು. ಗಮನಿಸಿ, ಅವರ ಹೊಟ್ಟೆಪಾಡೇ ಕಂಪ್ಯೂಟರ್. ಕಂಪ್ಯೂಟರ್ ಗೊತ್ತಿಲ್ಲದವರ ಪಾಡು ಪರವಾಗಿಲ್ಲ, ಅವರ ಕೆಟಲ್‌ಗೆ ಇನ್ನೂ ಗುಂಡಿ ಇದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಟಚ್ ಒಲೆ. ಇಂಡಕ್ಷನ್ ಒಲೆಯ ಮೇಲೆ ಗಾಜು, ಗಾಜಿನ ಮೇಲೆ ಗುಂಡಿಗಳ ಚಿತ್ರ. ಚಿತ್ರದ ಹಿಂದಿನ ವಿದ್ಯೆ ಹೀಗಿದೆ: ಗಾಜಿನ ಕೆಳಗೆ ಸಣ್ಣದೊಂದು ವಿದ್ಯುತ್ ಕ್ಷೇತ್ರ ಇರುತ್ತದೆ. ನಮ್ಮ ಬೆರಳಿನಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಬೆರಳು ಹತ್ತಿರ ಬಂದರೆ ಆ ಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಚಿಪ್ ಅದನ್ನು ನೋಡಿ 'ಓಹೋ, ಒತ್ತಿದರು' ಅಂದುಕೊಳ್ಳುತ್ತದೆ. ಜಾಣ ಏರ್ಪಾಡೇ. ಒಂದೇ ತೊಂದರೆ, ನೀರಿನಲ್ಲೂ ಕರೆಂಟ್ ಹರಿಯುತ್ತದೆ. ನೀರು ಬಿದ್ದರೆ ಬೆರಳು ಯಾವುದು, ಹನಿ ಯಾವುದು ಅಂತ ಚಿಪ್‌ಗೆ ಗೊತ್ತಾಗುವುದಿಲ್ಲ. ಹಾಗಾದರೆ ಇದನ್ನು ಎಲ್ಲಿ ಇಡೋಣ? ಮನೆಯಲ್ಲಿ ಕೈ ಸದಾ ಒದ್ದೆ ಇರುವ ಜಾಗ ಯಾವುದು? ಸರಿಯಾಗಿ ಅಲ್ಲೇ ತಂದು ಇಟ್ಟಿದ್ದೇವೆ.

ಇನ್ನು ಪಾತ್ರೆಯಲ್ಲಿದ್ದದ್ದು ಉಕ್ಕಿದಾಗ ನೋಡಬೇಕು. ಉಕ್ಕಿದ್ದು ಹರಿದು ಬಂದು ನೇರವಾಗಿ ಗುಂಡಿಯ ಚಿತ್ರಗಳ ಮೇಲೆ ನಿಲ್ಲುತ್ತದೆ. ಒಲೆ ಗಾಬರಿಯಾಗಿ ಪೀಂ ಪೀಂ ಅನ್ನುತ್ತದೆ. ನೀವು ಓಡಿ ಹೋಗಿ ಉರಿ ಕಡಿಮೆ ಮಾಡಲು ಮೈನಸ್ ಒತ್ತುತ್ತೀರಿ. ಕೈ ಒದ್ದೆ, ಒಲೆ ಒಪ್ಪುವುದಿಲ್ಲ. ಕೈ ಒರೆಸಿಕೊಂಡು ಒತ್ತುತ್ತೀರಿ. ಗಾಜು ಒದ್ದೆ, ಆಗಲೂ ಒಪ್ಪುವುದಿಲ್ಲ. ಬಟ್ಟೆ ತಂದು ಗಾಜು ಒರೆಸುತ್ತೀರಿ. ಒರೆಸುವಾಗ ಬಟ್ಟೆ ಎಲ್ಲ ಗುಂಡಿಗಳನ್ನೂ ಒಂದು ಸುತ್ತು ಒತ್ತಿ ಬರುತ್ತದೆ. ಟೈಮರ್ ಶುರುವಾಗುತ್ತದೆ, ಪಕ್ಕದ ಖಾಲಿ ಒಲೆ ಆನ್ ಆಗುತ್ತದೆ, ಕೊನೆಗೆ ಚೈಲ್ಡ್ ಲಾಕ್ ಬೀಳುತ್ತದೆ. ಮಕ್ಕಳು ಮುಟ್ಟದಿರಲಿ ಅಂತ ಇಟ್ಟ ಬೀಗ ಅದು. ಮನೆಯಲ್ಲಿ ಅದನ್ನು ಬಿಡಿಸಲು ಬರುವುದು ಮಕ್ಕಳಿಗೆ ಮಾತ್ರ. ಹಳೇ ಒಲೆಯ ನಾಬ್ ಇತ್ತಲ್ಲ, ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡಿದ್ದರೂ ಅದನ್ನು ಮಣಿಕಟ್ಟಿನಲ್ಲಿ ತಿರುಗಿಸಬಹುದಿತ್ತು. ಅದರ ಸುತ್ತ ಜಿಡ್ಡು ಕೂರುತ್ತಿತ್ತು, ಒಪ್ಪುತ್ತೇನೆ. ಆ ಜಿಡ್ಡು ಉಜ್ಜುವ ಕೆಲಸ ತಪ್ಪಿಸಲು ಹೋಗಿ ಒಲೆಯ ಜೊತೆ ಮಾತುಕತೆ ನಡೆಸುವ ಕೆಲಸ ತಂದುಕೊಂಡೆವು.

ನಮ್ಮ ಕಸುಬಿನಲ್ಲಿ ಲ್ಯಾರಿ ಟೆಸ್ಲರ್ ಅಂತ ಒಬ್ಬರಿದ್ದರು. ಕಂಪ್ಯೂಟರ್‌ನಲ್ಲಿ ನೀವು ದಿನಾ ಮಾಡುವ ಕಟ್, ಕಾಪಿ, ಪೇಸ್ಟ್ ಇದೆಯಲ್ಲ, ಅದರ ಹಿಂದೆ ಇದ್ದವರು. 2020ರಲ್ಲಿ ತೀರಿಕೊಂಡರು. ಅವರು ಹೇಳಿದ ನಿಯಮ ಚಿಕ್ಕದು. ಯಾವುದೇ ಕೆಲಸದಲ್ಲಿ ಇಂತಿಷ್ಟು ತೊಡಕು ಇದ್ದೇ ಇರುತ್ತದೆ. ಅದನ್ನು ಇಲ್ಲವಾಗಿಸಲು ಆಗುವುದಿಲ್ಲ. ಮಾಡಿದವನು ಹೊರಬೇಕು, ಇಲ್ಲ ಬಳಸುವವನು ಹೊರಬೇಕು. ಗುಂಡಿ ಕಿತ್ತರೆ ಗುಂಡಿ ಮಾಡುತ್ತಿದ್ದ ಕೆಲಸ ಹೋಗುವುದಿಲ್ಲ, ಅದು ವರ್ಗಾವಣೆಯಾಗಿ ನಿಮ್ಮ ತಲೆಗೆ ಬರುತ್ತದೆ. ನಾವು ಅದನ್ನು ಸರಳತೆ ಅಂತ ಕರೆದು ಪ್ರಶಸ್ತಿ ತಗೊಳ್ಳುತ್ತೇವೆ.

ಇಯರ್‌ಬಡ್ ನೋಡಿ. ಮೈ ಮೇಲೆ ಒಂದೂ ಗುಂಡಿ ಇಲ್ಲ, ನದಿಯ ಕಲ್ಲಿನಷ್ಟು ನುಣುಪು. ಒಂದು ಸಲ ತಟ್ಟಿದರೆ ಹಾಡು ನಿಲ್ಲುತ್ತದೆ. ಎರಡು ಸಲ ತಟ್ಟಿದರೆ ಮುಂದಿನ ಹಾಡು, ಮೂರು ಸಲಕ್ಕೆ ಹಿಂದಿನದು. ಒತ್ತಿ ಹಿಡಿದರೆ ಹೊರಗಿನ ಸದ್ದು ಕೇಳುತ್ತದೆ, ಇನ್ನೂ ಸ್ವಲ್ಪ ಹಿಡಿದರೆ ಯಾರೋ 'ಹೇಳಿ, ಏನು ಸಹಾಯ ಬೇಕು' ಅನ್ನುತ್ತಾರೆ. ಎಡಗಿವಿಯದು ಬೇರೆ, ಬಲಗಿವಿಯದು ಬೇರೆ. ಮಗ್ಗಿ ಬಾಯಿಪಾಠ ಮಾಡಿದ ವಯಸ್ಸಿನಲ್ಲೇ ಇದನ್ನೂ ಕಲಿಸಿದ್ದರೆ ಚೆನ್ನಾಗಿತ್ತು. ಕಿವಿಯಲ್ಲಿ ಸಡಿಲವಾಯಿತು ಅಂತ ಸರಿ ಮಾಡಿಕೊಳ್ಳಲು ಹೋದರೆ ಹಾಡು ಬದಲಾಗುತ್ತದೆ. ಟೋಪಿ ಎಳೆದುಕೊಂಡರೆ ನಿಲ್ಲುತ್ತದೆ. ಕಿವಿ ತುರಿಸಿತು ಅಂತ ಇಟ್ಟುಕೊಳ್ಳಿ, ಕೊನೆಯಲ್ಲಿ ಮಾತಾಡಿದವರಿಗೆ ಮತ್ತೆ ಫೋನ್ ಹೋಗುತ್ತದೆ. ಅದು ಸಾಮಾನ್ಯವಾಗಿ ಯಾರ ಜೊತೆ ಮತ್ತೆ ಮಾತು ಬೇಡ ಅಂತ ಇಟ್ಟಿರುತ್ತೇವೋ ಅವರೇ ಆಗಿರುತ್ತಾರೆ.

ಫೋನಿನ ಪಕ್ಕದಲ್ಲಿ ಒಂದು ಗುಂಡಿ ಇನ್ನೂ ಉಳಿದಿದೆ. ಅದನ್ನು ಪವರ್ ಬಟನ್ ಅನ್ನುತ್ತಿದ್ದೆವು. 2017ರ ಐಫೋನ್ ಟೆನ್ ಬಂದಾಗಿನಿಂದ ಅದನ್ನು ಒತ್ತಿ ಹಿಡಿದರೆ ಫೋನ್ ಆಫ್ ಆಗುವುದಿಲ್ಲ, ಫೋನಿನೊಳಗಿನ ಮಾತಾಡುವ ಸಹಾಯಕಿ ಸಿರಿ ಎದ್ದು ಬರುತ್ತಾಳೆ. ಮಲಗು ಅಂದರೆ ಎದ್ದು ಕೂರುವ ಮಗು ಇದು. ಆಫ್ ಮಾಡಲು ಅದರ ಜೊತೆ ಸೌಂಡಿನ ಗುಂಡಿಯನ್ನೂ ಸೇರಿಸಿ ಹಿಡಿಯಬೇಕು. ಹೇಗೆ ಆಫ್ ಮಾಡುವುದು ಅಂತ ತಿಳಿದುಕೊಳ್ಳಲು ಅದೇ ಫೋನಿನಲ್ಲಿ ಹುಡುಕಬೇಕು. ಸದ್ಯ, ಅದು ಆನ್ ಇರುತ್ತದೆ.

ಹಳೇ ಸ್ವಿಚ್ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು, ನಾವು ಯಾರೂ ಅದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಮೇಲಿದ್ದರೆ ಒಂದು, ಕೆಳಗಿದ್ದರೆ ಇನ್ನೊಂದು. ತಾನು ಆನ್ ಇದ್ದೇನೋ ಆಫ್ ಇದ್ದೇನೋ ಅಂತ ಸ್ವಿಚ್ಚೇ ಹೇಳುತ್ತಿತ್ತು, ಕತ್ತಲಲ್ಲಿ ತಡವಿದರೂ ಗೊತ್ತಾಗುತ್ತಿತ್ತು. ಗಾಜಿಗೆ ಆ ಬಾಯಿ ಇಲ್ಲ. ಅದಕ್ಕಾಗಿ ಒಂದು ಚಿಕ್ಕ ದೀಪ ಇಟ್ಟೆವು. ಹೆಚ್ಚಾಗಿ ನೀಲಿ ದೀಪ. ನೀಲಿ ಎಲ್‌ಇಡಿ ಸುಮ್ನೆ ಬಂದದ್ದಲ್ಲ. ಕೆಂಪು, ಹಸಿರು ಸಿಕ್ಕಿ ದಶಕಗಳಾದರೂ ಚೆನ್ನಾಗಿ ಬೆಳಗುವ ನೀಲಿ ಸಿಕ್ಕಿರಲಿಲ್ಲ. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಮೂವರೂ ಜೀವ ತೇದು ಅದನ್ನು ಸಾಧಿಸಿದರು. 2014ರ ಭೌತಶಾಸ್ತ್ರದ ನೊಬೆಲ್ ಅವರಿಗೇ ಬಂತು. ಮನೆಮನೆಯ ಎಲ್‌ಇಡಿ ಬಲ್ಬುಗಳು ಅವರ ಕೊಡುಗೆ. ಅದೇ ದೀಪವನ್ನು ನಾವು ಮಲಗುವ ಕೋಣೆಯ ಚಾರ್ಜರ್, ರೂಟರ್, ಸ್ಪೀಕರ್, ಏರ್ ಪ್ಯೂರಿಫೈಯರ್ ಎಲ್ಲಕ್ಕೂ ಒಂದೊಂದು ಸಿಕ್ಕಿಸಿದ್ದೇವೆ. ನಿಧಾನ ಮಿನುಗಿದರೆ ಒಂದು ಅರ್ಥ, ಬೇಗ ಮಿನುಗಿದರೆ ಇನ್ನೊಂದು, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಸರ್ವಿಸ್ ಸೆಂಟರ್. ರಾತ್ರಿ ಹನ್ನೆರಡಕ್ಕೆ ನನ್ನ ಕೋಣೆ ವಿಮಾನ ಇಳಿಯಲು ತಯಾರಾದಂತೆ ಇರುತ್ತದೆ. ನೊಬೆಲ್ ಬಂದ ದೀಪದ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಮಲಗುವುದು ನನ್ನ ನಿತ್ಯಕರ್ಮ. ಟೇಪ್ ಬಹಳ ಒಳ್ಳೆಯ ಡಿಸೈನ್. ಆಪ್ ಇಲ್ಲದೆ ಅಂಟುತ್ತದೆ.

ಚಾರ್ಜಿಂಗ್ ತೂತು ಎಲ್ಲಿಡಬೇಕು ಅನ್ನುವುದಕ್ಕೆ ಆಪಲ್‌ನವರ ಮ್ಯಾಜಿಕ್ ಮೌಸ್ ನೋಡಿ. 2015ರಲ್ಲಿ ತೂತನ್ನು ಹೊಟ್ಟೆಯ ಅಡಿಗೆ ಇಟ್ಟರು. ಚಾರ್ಜ್ ಹಾಕಿದರೆ ಅದನ್ನು ಅಂಗಾತ ಮಲಗಿಸಬೇಕು, ಆಗ ಬಳಸಲು ಆಗುವುದಿಲ್ಲ. ಲೋಕವೆಲ್ಲ ನಕ್ಕಿತು. 2024ರಲ್ಲಿ ಹೊಸದು ಬಂತು. ತೂತಿನ ಆಕಾರ ಬದಲಾಗಿತ್ತು, ಜಾಗ ಅದೇ.

ಇನ್ನು ಗುಂಡಿಯ ಜೊತೆ ಕೈಯನ್ನೂ ತೆಗೆದುಹಾಕಲು ಹೊರಟವರಿದ್ದಾರೆ. ಅಮೆರಿಕದಲ್ಲಿ ಜ್ಯೂಸೆರೊ ಅಂತ ಒಂದು ಯಂತ್ರ 2016ರಲ್ಲಿ ಬಂತು. ಬೆಲೆ 699 ಡಾಲರ್, ಆಮೇಲೆ 399. ಹೂಡಿಕೆದಾರರು ಸುಮಾರು 12 ಕೋಟಿ ಡಾಲರ್ ಸುರಿದರು. ಕತ್ತರಿಸಿದ ಹಣ್ಣು ತರಕಾರಿಯ ಚೀಲವನ್ನು ಕಂಪನಿಯೇ ಮಾರುತ್ತಿತ್ತು. ಯಂತ್ರ ಆ ಚೀಲದ ಕ್ಯೂಆರ್ ಕೋಡ್ ಓದಿ, ಇಂಟರ್ನೆಟ್‌ನಲ್ಲಿ ವಿಚಾರಿಸಿ, ಆಮೇಲೆ ಹಿಂಡುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್‌ನ ಪತ್ರಕರ್ತರು ಚೀಲವನ್ನು ಕೈಯಲ್ಲೇ ಹಿಂಡಿ ನೋಡಿದರು. ಜ್ಯೂಸ್ ಬಂತು. ಹೆಚ್ಚುಕಡಿಮೆ ಅಷ್ಟೇ ಜ್ಯೂಸ್, ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ನ್ಯಾಯವಾಗಿ ಹೇಳಬೇಕೆಂದರೆ ಯಂತ್ರ ಗಟ್ಟಿಮುಟ್ಟಾಗಿತ್ತು. ಅಷ್ಟು ಗಟ್ಟಿ ಯಂತ್ರವನ್ನು ಅಷ್ಟು ಮೆತ್ತಗಿನ ಚೀಲಕ್ಕೆ ಮಾಡಿದ್ದೇ ಅದರ ವಿಶೇಷ.

ಹ್ಯೂಮೇನ್ ಎಂಬ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗುಂಡಿ ಬೇಡ, ಪರದೆಯೂ ಬೇಡ. ಅಂಗಿಗೆ ಒಂದು ಬಿಲ್ಲೆ ಸಿಕ್ಕಿಸಿಕೊಳ್ಳಿ, ಅದರ ಜೊತೆ ಮಾತಾಡಿ. ಓದಬೇಕೆಂದರೆ ಕೈ ಚಾಚಿ, ಅದು ಲೇಸರ್‌ನಲ್ಲಿ ನಿಮ್ಮ ಅಂಗೈ ಮೇಲೆ ಅಕ್ಷರ ಮೂಡಿಸುತ್ತದೆ. ಬಿಸಿಲಿಗೆ ಹೋದರೆ ಅಕ್ಷರ ಕಾಣುವುದೇ ಕಷ್ಟ. 2024ರ ಏಪ್ರಿಲ್‌ನಲ್ಲಿ ಗಿರಾಕಿಗಳ ಕೈಗೆ ಬಂತು, 699 ಡಾಲರ್, ಮೇಲೆ ತಿಂಗಳಿಗೆ 24. 2025ರ ಫೆಬ್ರವರಿ 28ಕ್ಕೆ ಸರ್ವರ್ ನಿಲ್ಲಿಸಿದರು, ಬಿಲ್ಲೆಗಳೆಲ್ಲ ಬರೀ ಬಿಲ್ಲೆಗಳಾದವು. ಅಂಗೈಯಲ್ಲಿ ಆಕಾಶ ತೋರಿಸುವವರ ಬಗ್ಗೆ ನಮ್ಮ ಹಿರಿಯರು ಎಚ್ಚರಿಸುತ್ತಲೇ ಬಂದಿದ್ದರು. ಲೇಸರ್‌ನಲ್ಲಿ ತೋರಿಸುತ್ತಾರೆ ಅಂತ ಮಾತ್ರ ಹೇಳಿರಲಿಲ್ಲ.

ಇಂಥ ವಸ್ತುಗಳನ್ನು ಜಪಾನಿನ ಕೆಂಜಿ ಕವಾಕಮಿ ತಮಾಷೆಗೆ ಮಾಡುತ್ತಿದ್ದರು. ಅವಕ್ಕೆ ಚಿಂದೋಗು ಅಂತ ಹೆಸರು. ಚಾಪ್‌ಸ್ಟಿಕ್‌ಗೆ ಕಟ್ಟಿದ ಪುಟ್ಟ ಫ್ಯಾನ್, ಅಂಟಿನ ಕಡ್ಡಿಯಂತೆ ಬಳಿಯುವ ಬೆಣ್ಣೆ, ತೆವಳುವ ಮಗುವಿನ ಬಟ್ಟೆಗೆ ಹೊಲಿದ ನೆಲ ಒರೆಸುವ ಜೂಲು. ಅದಕ್ಕೆ ನಿಯಮಗಳಿದ್ದವು. ನಿಜವಾದ ಬಳಕೆಗೆ ಬರಬಾರದು ಅನ್ನುವುದು ಒಂದು, ಮಾರಬಾರದು ಅನ್ನುವುದು ಇನ್ನೊಂದು. ನಮ್ಮ ಉದ್ಯಮ ಮೊದಲ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಇನ್ನು ವಿಚಿತ್ರ ಏನೆಂದರೆ, 1995ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕದಲ್ಲಿ ನಗಿಸಲು ಹಾಕಿದ್ದ ಒಂದು ವಸ್ತು ಸೆಲ್ಫಿ ಸ್ಟಿಕ್. ಅದಕ್ಕೂ ಗುಂಡಿ ಇತ್ತು, ಅದಕ್ಕೇ ಓಡಿತು ಅನ್ನುವುದು ನನ್ನ ವಾದ.

ಬಾಗಿಲುಗಳ ವಿಷಯ ಎತ್ತುವುದಿಲ್ಲ. ಎಳೆಯುವ ಹಿಡಿ ಇಟ್ಟು ಅದರ ಮೇಲೆ 'ತಳ್ಳಿ' ಅಂತ ಚೀಟಿ ಅಂಟಿಸಿದ ಬಾಗಿಲಿಗೆ, ಅದರ ಬಗ್ಗೆ ಬರೆದ ಡೊನಾಲ್ಡ್ ನಾರ್ಮನ್ ಅವರ ಹೆಸರನ್ನೇ ಇಟ್ಟು ನಾರ್ಮನ್ ಡೋರ್ ಅನ್ನುತ್ತಾರೆ, ಪಾಪ. ಸೆನ್ಸರ್ ನಲ್ಲಿಗಳಿಗೂ ಇಷ್ಟೇ ಜಾಗ ಸಾಕು: ಕೈ ಒಡ್ಡಿದರೆ ಬರುವುದಿಲ್ಲ, ಕೈ ತೆಗೆದರೆ ಬರುತ್ತದೆ.

ಆದರೆ ಕಾರಿನದು ಬಿಡುವ ಹಾಗಿಲ್ಲ. ಯಾಕೆಂದರೆ ಅಲ್ಲಿ ಗುಂಡಿ ಕಿತ್ತವರು ಚಂದಕ್ಕಾಗಿ ಕಿತ್ತೆವು ಅನ್ನುತ್ತಾರೆ. ನಾನು ನಂಬುವುದಿಲ್ಲ. ಒಂದು ಗುಂಡಿ ಅಂದರೆ ಅದಕ್ಕೊಂದು ಅಚ್ಚು, ಒಳಗೆ ಸ್ಪ್ರಿಂಗ್, ಹಿಂದೆ ವೈರು, ಮೇಲೆ ಚಿತ್ರ, ಮತ್ತೆ ಸಾವಿರಾರು ಸಲ ಒತ್ತಿ ನೋಡುವ ಪರೀಕ್ಷೆ. ಎಲ್ಲ ಖರ್ಚು. ಇತ್ತ ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂದೆ ನೋಡುವ ಕ್ಯಾಮೆರಾ ಕಡ್ಡಾಯವಾಯಿತು. ಕ್ಯಾಮೆರಾ ಬಂದರೆ ಪರದೆ ಬೇಕೇ ಬೇಕು. ಹೇಗೂ ಪರದೆ ಇದೆಯಲ್ಲ, ಗುಂಡಿಗಳನ್ನೆಲ್ಲ ಅದರೊಳಗೆ ತುರುಕಿದರೆ ಅಷ್ಟು ಉಳಿತಾಯ. ಆಮೇಲೆ ನಮ್ಮಂಥವರನ್ನು ಕರೆದು ಇದಕ್ಕೊಂದು ಒಳ್ಳೆ ಹೆಸರು ಕೊಡಿ ಅನ್ನುತ್ತಾರೆ. ನಾವು 'ಮಿನಿಮಲ್' ಅನ್ನುತ್ತೇವೆ.

ಸ್ವೀಡನ್ನಿನ ಕಾರು ಪತ್ರಿಕೆ ವಿ ಬಿಲೆಗಾರೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಹನ್ನೊಂದು ಹೊಸ ಕಾರು, ಜೊತೆಗೆ 2005ರ ಒಂದು ಹಳೇ ವೋಲ್ವೊ. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಎಸಿ ಸರಿ ಮಾಡುವುದು, ರೇಡಿಯೊ ಸ್ಟೇಷನ್ ಹಾಕುವುದು ಹೀಗೆ ನಾಲ್ಕು ಕೆಲಸ ಮಾಡಬೇಕು. ಗುಂಡಿಗಳಿದ್ದ ಹಳೇ ವೋಲ್ವೊದಲ್ಲಿ 10 ಸೆಕೆಂಡಿಗೆ ಮುಗಿಯಿತು. ಅಷ್ಟರಲ್ಲಿ ಕಾರು ಸುಮಾರು 300 ಮೀಟರ್ ಹೋಗಿತ್ತು. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿಗೆ ಸುಮಾರು 45 ಸೆಕೆಂಡು ಬೇಕಾಯಿತು. ಕಾರು 1,300 ಮೀಟರ್ ದಾಟಿತ್ತು. ಒಂದು ಕಿಲೋಮೀಟರ್‌ಗಿಂತ ಜಾಸ್ತಿ ದೂರ, ಒಂದು ಕಣ್ಣು ಮೆನುವಿನ ಮೇಲೆ, ಇನ್ನೊಂದು ಕಣ್ಣು ರಸ್ತೆಯ ಮೇಲೆ.

ಜರ್ಮನಿಯಲ್ಲಿ ಒಬ್ಬರು ಟೆಸ್ಲಾ ಓಡಿಸುತ್ತಿದ್ದರು. ಮಳೆ ಜೋರಾಯಿತು. ವೈಪರ್ ವೇಗ ಹೆಚ್ಚಿಸಲು ಪರದೆಯ ಮೆನುವಿನೊಳಗೆ ಇಳಿದರು. ಅವರು ಮೆನುವಿನೊಳಗೆ ಇಳಿದ ಹಾಗೆ ಕಾರು ರಸ್ತೆಯಿಂದ ಇಳಿಯಿತು. 2020ರಲ್ಲಿ ಕಾರ್ಲ್ಸ್‌ರೂಹೆ ಕೋರ್ಟು, ಕಾರಿನ ಪರದೆಗೂ ಫೋನಿಗಿರುವ ನಿಯಮವೇ ಅನ್ವಯ, ಒಂದು ಕ್ಷಣಕ್ಕಿಂತ ಹೆಚ್ಚು ಹೊತ್ತು ಕಣ್ಣು ಅದರ ಮೇಲೆ ಇರಬಾರದು ಅಂದಿತು. 200 ಯೂರೋ ದಂಡ, ಒಂದು ತಿಂಗಳು ಓಡಿಸುವ ಹಾಗಿಲ್ಲ. ಕಾನೂನಿನ ಪ್ರಕಾರ ಸರಿಯೇ. ಒಂದು ಕ್ಷಣದಲ್ಲಿ ಮೆನು ಸಿಗದಿದ್ದರೆ, ಮಳೆ ಬಂದಾಗ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಮೆನು ತೆರೆದು, ವೈಪರ್ ಹೆಚ್ಚಿಸಿ ಮುಂದೆ ಹೋಗಬೇಕು. ಮಳೆ ಕಡಿಮೆಯಾದರೆ ಮತ್ತೆ ನಿಲ್ಲಿಸಬೇಕು.

ಅಮೆರಿಕದ ನೌಕಾಪಡೆಯ ಕಥೆಯಲ್ಲಿ ನಗುವಂಥದ್ದೇನೂ ಇಲ್ಲ. 2017ರಲ್ಲಿ ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆ ಸಿಂಗಪುರದ ಹತ್ತಿರ ಡಿಕ್ಕಿ ಹೊಡೆಯಿತು. ಹತ್ತು ನಾವಿಕರು ಸತ್ತರು. ಚುಕ್ಕಾಣಿಯ ಹಿಡಿತ ಯಾವ ಪರದೆಗೆ ಹೋಗಿದೆ ಅಂತ ಸಿಬ್ಬಂದಿಗೆ ಗೊಂದಲವಾಗಿತ್ತು. 2019ರಲ್ಲಿ ನೌಕಾಪಡೆ, ವೇಗ ಹೆಚ್ಚು ಕಡಿಮೆ ಮಾಡುವ ಟಚ್ ಪರದೆಯ ಥ್ರಾಟಲ್ ತೆಗೆದು ಕೈಯಲ್ಲಿ ಹಿಡಿಯುವ ಥ್ರಾಟಲ್ ವಾಪಸ್ ಹಾಕುತ್ತೇವೆ ಅಂದಿತು.

ಟಚ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಫೋನಿನಲ್ಲಿ ಅದು ಚೆನ್ನಾಗಿದೆ, ಯಾಕೆಂದರೆ ಫೋನ್ ಬಳಸುವಾಗ ಕಣ್ಣು ಹೇಗೂ ಅಲ್ಲೇ ಇರುತ್ತದೆ. ಕಣ್ಣು ಬೇರೆ ಕಡೆ ಇರಬೇಕಾದ ಕೆಲಸಕ್ಕೆ ಬೆರಳಿಗೆ ಒಂದು ಉಬ್ಬು ಬೇಕು, ಒಂದು ಟಕ್ ಬೇಕು. ಇದು ಕಾರು ಮಾಡುವವರಿಗೂ ಗೊತ್ತಾಗುತ್ತಿದೆ. ಯುರೋಪಿನಲ್ಲಿ ಕಾರುಗಳನ್ನು ಪರೀಕ್ಷಿಸಿ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ, ಸುರಕ್ಷತೆಯ ಅಂಕ ಪೂರ್ತಿ ಬೇಕಿದ್ದರೆ ಇಂಡಿಕೇಟರ್, ವೈಪರ್, ಹಾರ್ನ್ ಮುಂತಾದವಕ್ಕೆ ನಿಜವಾದ ಗುಂಡಿ ಇಡಿ ಅನ್ನುತ್ತಿದೆ. ಫೋಕ್ಸ್‌ವ್ಯಾಗನ್‌ನ ಡಿಸೈನ್ ಮುಖ್ಯಸ್ಥರು ಗುಂಡಿಗಳನ್ನು ವಾಪಸ್ ತರುತ್ತೇವೆ ಅಂತ 2025ರಲ್ಲಿ ಮಾತು ಕೊಟ್ಟರು. 2017ರಲ್ಲಿ ಐಫೋನ್ ಟೆನ್‌ನಿಂದ ಹೋಮ್ ಬಟನ್ ಕಿತ್ತು ಚಪ್ಪಾಳೆ ತಗೊಂಡ ಆಪಲ್, 2023ರಲ್ಲಿ ಆಕ್ಷನ್ ಬಟನ್, 2024ರಲ್ಲಿ ಕ್ಯಾಮೆರಾಗೆ ಇನ್ನೊಂದು ಬಟನ್ ಇಟ್ಟು ಮತ್ತೆ ಚಪ್ಪಾಳೆ ತಗೊಂಡಿತು. ಕಿತ್ತಿದ್ದಕ್ಕೂ ಚಪ್ಪಾಳೆ, ಹಾಕಿದ್ದಕ್ಕೂ ಚಪ್ಪಾಳೆ. ನಮ್ಮ ಕಸುಬಿನಲ್ಲಿ ನಷ್ಟ ಅನ್ನುವುದೇ ಇಲ್ಲ.

ಅಂದರೆ ಗುಂಡಿಗೆ ಒಳ್ಳೆ ಕಾಲ ಬಂತು. ಆದರೆ ಬಿಟ್ಟಿ ಅಂದುಕೊಳ್ಳಬೇಡಿ. ಬಿಎಂಡಬ್ಲ್ಯುನವರು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಬೇಕೆಂದರೆ ತಿಂಗಳಿಗೆ ಸುಮಾರು 18 ಡಾಲರ್ ಕಟ್ಟಿ ಅಂದರು. ಹೀಟರ್ ಸೀಟಿನೊಳಗೇ ಇತ್ತು. ದುಡ್ಡು ಬಂದರೆ ಕೆಲಸ ಮಾಡುತ್ತಿತ್ತು, ಅಷ್ಟೇ. ಜನ ರೇಗಿದರು, ಮರುವರ್ಷ ಆ ವಸೂಲಿ ನಿಂತಿತು. ಐಡಿಯಾ ಮಾತ್ರ ಎಲ್ಲೂ ಹೋಗಿಲ್ಲ, ಪ್ರತಿ ಮೀಟಿಂಗ್‌ನಲ್ಲೂ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತದೆ.

ಮೊನ್ನೆಯ ಮೀಟಿಂಗ್‌ನಲ್ಲಿ ಹೊಸ ಸ್ಪೀಕರ್ ಒಂದರ ಚರ್ಚೆ ಇತ್ತು. ಈ ಸಲದ ದೊಡ್ಡ ವಿಶೇಷ ಏನು ಗೊತ್ತಾ ಅಂತ ಪ್ರಾಡಕ್ಟ್ ಮ್ಯಾನೇಜರ್ ಕೇಳಿದರು. ಸೌಂಡ್ ಜಾಸ್ತಿ ಕಡಿಮೆ ಮಾಡಲು ತಿರುಗಿಸುವ ನಾಬ್! ಎಲ್ಲರೂ ಮೇಜು ತಟ್ಟಿದರು. ನನಗೂ ಖುಷಿಯಾಯಿತು. ದುಬಾರಿ ಮಾಡೆಲ್‌ನಲ್ಲಿ ಮಾತ್ರವಂತೆ, ಸರಿ. ತಿರುಗಿಸಿದರೆ ಏನಾಗಬೇಕು ಅನ್ನುವುದನ್ನು ಆಪ್‌ನಲ್ಲಿ ಸೆಟ್ ಮಾಡಿಕೊಳ್ಳಬೇಕಂತೆ. ಮೊದಲ ವರ್ಷ ಫ್ರೀಯಂತೆ.

"ಸರ್, ಈ ನಾಬ್‌ಗೆ ಬ್ಯಾಟರಿ ಬೇಕಾ?" ಅಂತ ಕೇಳಿದೆ.

"ಬೇಕು. ವೈರ್‌ಲೆಸ್ ನಾಬ್ ಅಲ್ವಾ?"

"ಚಾರ್ಜ್ ಮಾಡೋದು ಎಲ್ಲಿಂದ?"

ಅವರು ಸ್ಯಾಂಪಲ್ ಎತ್ತಿ ತಿರುಗಿಸಿ ತೋರಿಸಿದರು. ತೂತು ಅಡಿಯಲ್ಲಿತ್ತು.